ಎರಡನೆಯ ಸೀಟಿಯ ಕುರಿತು

ರಜೆ ಅರ್ಜಿಗಳನ್ನಲ್ಲದೆ ನಾನು ಈವರೆಗೆ ಬೇರೇನನ್ನೂ ಬರೆದವಳಲ್ಲ. ಇಲ್ಲಿಯೂ ಅರ್ಜಿಯ ಛಾಯೆ ಕಂಡುಬಂದಲ್ಲಿ ಓದುಗರು ಮನ್ನಿಸಬೇಕಾಗಿ ಕೋರುತ್ತೇನೆ. ವಿಷಯವೇನೆಂದರೆ, ನಾನು ಗಂಗಾವತಿಯಿಂದ ಹುಲಿಗಿಗೆ ಹೋಗುವ ಬಸ್ಸಿನ ಕಂಡಕ್ಟರು. ಒಂದು ಸೀಟಿ ಊದಿದರೆ ಬಸ್ಸು ನಿಲ್ಲಬೇಕು, ಎರಡು ಊದಿದರೆ ಹೊರಡಬೇಕು. ವೈರಾಣು ಸೋಂಕು ಶ್ವಾಸಕೋಶಕ್ಕೆ ಇಳಿದು, ಕೊಪ್ಪಳದ ಆಸ್ಪತ್ರೆಯಲ್ಲಿ ಹನ್ನೊಂದು ದಿನ ಆಮ್ಲಜನಕದ ಮೇಲಿದ್ದು ಬಂದ ನಂತರ, ನನಗೆ ಎರಡನೆಯ ಸೀಟಿ ಬರಲಿಲ್ಲ.

ಆಸ್ಪತ್ರೆಯ ವರದಿಯಲ್ಲಿ ಎಲ್ಲವೂ ಸರಿಯಿದೆಯೆಂದು ನಮೂದಾಗಿತ್ತು. ಆ ಕಾಗದ ಹಿಡಿದು ಕೆಲಸಕ್ಕೆ ಹಾಜರಾದೆ. ಕಾಗದದಲ್ಲಿಲ್ಲದ್ದನ್ನು ಯಾರಿಗೂ ಹೇಳಲಿಲ್ಲ; ಹೇಳಿದರೆ ನನ್ನನ್ನು ಬಸ್ಸಿನಿಂದ ಇಳಿಸುವರೆಂಬ ಭಯ.

ಆ ತಿಂಗಳುಗಳು ನೀರಿನೊಳಗಿನಿಂದ ನೋಡಿದಂತೆ ನೆನಪಿವೆ. ಕಿಟಕಿಯಾಚೆ ಭತ್ತದ ಗದ್ದೆಗಳು ನಿಂತಲ್ಲೇ ತೇಲುತ್ತಿದ್ದವು. ದಿನವೂ ಕೂಗುವ ಊರಿನ ಹೆಸರು ನಾಲಿಗೆಯ ತುದಿಗೆ ಬಂದು ಬೆಲ್ಲದಂತೆ ಕರಗಿಹೋಗುತ್ತಿತ್ತು. ಬ್ರೇಕಿನ ಗಾಳಿ ‘ಹುಸ್’ ಎಂದಾಗಲೆಲ್ಲ ಆಸ್ಪತ್ರೆಯ ಹಾಸಿಗೆಯ ತಲೆದೆಸೆಯಲ್ಲಿ, ಆಮ್ಲಜನಕ ಹಾಯುವ ನೀರಿನ ಶೀಶೆಯೊಳಗೆ ಏಳುತ್ತಿದ್ದ ಗುಳ್ಳೆಗಳು ಕಾಣಿಸುತ್ತಿದ್ದವು. ಉಸಿರು ಮತ್ತೆ ಸಿಗದೆಂದು ಹೆದರುತ್ತಿದ್ದೆ. ಕಣ್ಣು ಮುಚ್ಚಿ ಕಂಬ ಹಿಡಿದು ನಿಲ್ಲುತ್ತಿದ್ದೆ. ಹುಲಿಗಿಯ ದೇವಿ ಹುಲಿಗೆಮ್ಮನನ್ನು ನೆನೆಯುತ್ತಿದ್ದಾಳೆಂದು ಪ್ರಯಾಣಿಕರು ತಿಳಿದಿರಬೇಕು.

ಮೊದಲ ದಿನವೇ ಎರಡನೆಯ ಸೀಟಿಗೆ ಬರೀ ಗಾಳಿ ಬಂದಾಗ ಮುಂದಿನ ಸೀಟಿನ ಹೆಣ್ಣುಮಗಳೊಬ್ಬಳು, “ಯಾಕ್ರೆಕ್ಕಾ, ಇವತ್ತು ಶುಕ್ರವಾರಂತ ಸೀಟಿನೂ ಉಪವಾಸ ಐತೇನು?” ಎಂದಳು. ಬಸ್ಸೆಲ್ಲ ನಕ್ಕಿತು. ನಾನೂ ನಕ್ಕೆ.

ನಮ್ಮ ಚಾಲಕರು ಮಾತ್ರ ಕನ್ನಡಿಯಲ್ಲಿ ನನ್ನ ಮುಖ ನೋಡಿದ್ದರು. ಹುಲಿಗಿಯಲ್ಲಿ ಚಹಾ ಕುಡಿಯುವಾಗ ಮೆಲ್ಲಗೆ ಹೇಳಿದರು: “ಅಕ್ಕಾರ, ನಿಂತ ಗಾಡಿಗೆ ಒಂದ ಊದ್ರಿ, ಸಾಕು. ಇನ್ನೊಂದು ನಾ ಮನಸಿನ್ಯಾಗ ಕೇಳಿಸ್ಕೋತೀನಿ.”

ಈ ಏರ್ಪಾಡು ಎರಡು ತಿಂಗಳು ನಡೆಯಿತು. ಇಂಥ ದಯೆಯನ್ನು ನಾನು ಯಾವ ಕಡತದಲ್ಲಿಯೂ ಕಂಡಿಲ್ಲ.

ಒಂದು ಮಂಗಳವಾರ ಹುಲಿಗಿಯ ಹತ್ತಿರ ಜನ ಅಡ್ಡ ಬಂದುದರಿಂದ ಚಾಲಕರು ತಾವಾಗಿಯೇ ಬಸ್ಸು ನಿಲ್ಲಿಸಿದ್ದರು. ಮಂಕು ಕವಿದಿದ್ದ ನನಗೆ ಅದು ತಿಳಿಯಲಿಲ್ಲ. ಮುದುಕಿಯೊಬ್ಬಳು ಇಳಿಯಲು ಎದ್ದುದನ್ನು ಕಂಡು, ನಿಲ್ಲಲೆಂದು ಒಂದು ಸೀಟಿ ಊದಿದೆ. ಅವರು ಎರಡು ಕೇಳಿಸಿಕೊಂಡರು. ಬಸ್ಸು ಕದಲಿತು. ಮುದುಕಿಯ ಒಂದು ಕಾಲು ಮೆಟ್ಟಿಲ ಮೇಲೆ, ಇನ್ನೊಂದು ಗಾಳಿಯಲ್ಲಿ.

ಆಕೆ ಸರಳನ್ನು ಬಿಡಲಿಲ್ಲ, ಅದೇ ಪುಣ್ಯ. ಬಸ್ಸು ನಿಂತ ಮೇಲೆ ಇಳಿದು, ಸೆರಗು ಸರಿಮಾಡಿಕೊಂಡು, “ಏ ಯವ್ವಾ, ಹುಲಿಗೆಮ್ಮನ ಕಡೆ ಟಿಕೀಟು ಕೊಟ್ಟು ಯಮನ ಕಡೆ ಇಳಸ್ತೀಯೇನು?” ಎಂದು ಬೈದಳು. ಈ ಸಲ ಯಾರೂ ನಗಲಿಲ್ಲ.

ಮರುದಿನ ನಾನೇ ಮೇಲಧಿಕಾರಿಗಳ ಮುಂದೆ ನಿಂತೆ. ಅವರು ವರದಿ ತಿರುವಿ, “ಇದ್ರಾಗ ಎಲ್ಲಾ ಛಲೋ ಐತೆಲ್ಲಮ್ಮಾ?” ಎಂದರು.

“ವರದಿ ಛಲೋ ಐತ್ರಿ ಸರ. ನಾ ಇಲ್ರಿ.”

ಈಗ ನಾನು ಗಂಗಾವತಿಯ ನಿಲ್ದಾಣದಲ್ಲಿ ವಿಚಾರಣೆಯ ಕಿಟಕಿಯ ಹಿಂದೆ ಕೂರುತ್ತೇನೆ. ಈ ಭಯವೂ ಮರೆವೂ ಕಾಯಿಲೆಯ ಬಾಲವೇ ಹೊರತು ನನ್ನ ತಪ್ಪಲ್ಲವೆಂದು ಕೊಪ್ಪಳದ ಮನೋವೈದ್ಯೆ ಹೇಳಿದ್ದಾರೆ. ಉಸಿರಾಟದ ಅಭ್ಯಾಸ ಕೊಟ್ಟಿದ್ದಾರೆ. ನಮ್ಮ ಬಸ್ಸು ಹೊರಡುವ ಹೊತ್ತಿಗೆ ನಾನೂ ಕಿಟಕಿಯೊಳಗೆ ಸೀಟಿಯನ್ನು ತುಟಿಗಿಟ್ಟು ಮೆಲ್ಲಗೆ ಊದುತ್ತೇನೆ. ಮೊದಲನೆಯದು ಪೂರ್ತಿ ಬರುತ್ತದೆ. ಎರಡನೆಯದು ಇನ್ನೂ ಅರ್ಧ. ಅರ್ಧ ಸೀಟಿಗೆ ಬಸ್ಸಿನಲ್ಲಿ ಅರ್ಥವಿಲ್ಲವಾದ್ದರಿಂದ, ಕಾಯುತ್ತಿದ್ದೇನೆ.