ನಾನು ಅಗೆಯದ ಕಪ್ಪೆ

ಎಂಬತ್ತರ ದಶಕದ ಕೊನೆಯಲ್ಲಿ ನಾನು ಪ್ರಾಣಿಶಾಸ್ತ್ರದ ಎಂ.ಎಸ್ಸಿ. ಓದುತ್ತಿದ್ದೆ, ಅಂದರೆ ಊರವರನ್ನೆಲ್ಲ ದಡ್ಡರೆಂದು ತಿಳಿಯುವ ಪರವಾನಗಿ ಸಿಕ್ಕಿತ್ತು. ಅಥಣಿ ಸೀಮೆಯ ಕಪ್ಪೆಗಳ ಮೇಲೆ ನನ್ನ ಪ್ರಬಂಧ. ಒಂದೇ ಕಪ್ಪೆ ಬಾಕಿ: ವರ್ಷದ ಬಹುಕಾಲ ಕುರುಚಲು ನೆಲದ ಮಣ್ಣೊಳಗೆ ಹುದುಗಿರುವ, ಹಿಂಗಾಲಿನ ಗಟ್ಟಿ ಗಂಟಿನಿಂದ ಅಗೆದುಕೊಂಡು ಹಿಂದಹಿಂದಕ್ಕೇ ಇಳಿಯುವ ದುಂಡನೆಯ ಜೀವಿ. ಅದರ ಪಾದದ ಚಿತ್ರವಿಲ್ಲದೆ ಸಹಿ ಹಾಕುವುದಿಲ್ಲ ಎಂದಿದ್ದರು ಮಾರ್ಗದರ್ಶಕರು. ಅವರೂ ಅದನ್ನು ನೋಡಿರಲಿಲ್ಲ. ಪ್ರಬಂಧ ಒಪ್ಪಿಸಲು ಒಂದು ವಾರವಿತ್ತು.

ಐಗಳಿಯ ಹತ್ತಿರ, ಪರಿಚಯದ ಜೈನ ಮನೆತನದ ದ್ರಾಕ್ಷಿ ತೋಟದ ಅಂಚಿಗೆ ಸಲಿಕೆ ಹಿಡಿದು ಹೋದೆ. ಮನೆಯ ಹಿರಿಯಾಕೆ ಬದುವಿನ ಮೇಲೆ ನಿಂತಿದ್ದರು.

"ಚಾತುರ್ಮಾಸದಾಗ ನೆಲಾ ಅಗಿಯಾಕ ಬಿಡಂಗಿಲ್ಲ ನೋಡ ತಮ್ಮಾ."

"ಮತ್ತ ಮೊನ್ನೆ ಟ್ರ್ಯಾಕ್ಟರ್ ಹೊಡಿಸೀರಲ್ರಿ ಆಯಿ? ಆಗ ಕಪ್ಪಿ ಸಾಯಲಿಲ್ಲೇನ್ರಿ?"

"ಅದು ಹೊಟ್ಟಿಗೆ ಹೊಡಿಸಿದ್ದೋ. ನಿನ್ನ ಕಪ್ಪಿ ಯಾರ ಹೊಟ್ಟಿಗೆ?"

"ಇವರ ಮಾಸ್ತರ ತಿಂತಾರೇನೋರಿ!" ಬಳ್ಳಿ ಕಟ್ಟುತ್ತಿದ್ದ ಆಳು ನಕ್ಕ.

ಎಂಥ ಸೋಗಿನ ಅಹಿಂಸೆ ಎಂದು ಮನಸ್ಸಿನಲ್ಲೇ ಉಗಿದು, ಸಲಿಕೆ ಊರದೆ ಹಿಂದಿರುಗಿದೆ. ಕುಡಚಿ ಸ್ಟೇಷನ್ನಿನ ನಲ್ಲಿಯ ಕೆಳಗೆ ಯಾವುದೋ ಸಾಮಾನ್ಯ ಕಪ್ಪೆ ಸಿಕ್ಕಿತು. ಅದರ ಪಾದ ನೋಡಿ ಚಿತ್ರ ಬರೆದೆ. ನೆಲ ಅಗೆಯುವ ಗಂಟನ್ನು ಅಂದಾಜಿನ ಮೇಲೆ ಹಿಮ್ಮಡಿಗೆ ಅಂಟಿಸಿದೆ. ಮಾರ್ಗದರ್ಶಕರು ಕನ್ನಡಕ ಏರಿಸಿ, "ಭಾಳ ಚಲೋ ಬಂದೈತಿ" ಎಂದು ಸಹಿ ಹಾಕಿದರು.

ತೊಡಕೆಂದರೆ, ಆ ಮಣ್ಣಿನ ಕಪ್ಪೆ ನನ್ನ ಅಂಗೈಯಲ್ಲಿ ಉಬ್ಬಿಕೊಂಡದ್ದು, ಅದರ ತಣ್ಣನೆಯ ಭಾರ, ನನಗೆ ನೆನಪಿದೆ. ಅದು ಸಿಕ್ಕಿದ್ದರೆ ನಲ್ಲಿಯ ಕಪ್ಪೆ ಯಾಕೆ ಬೇಕಾಗುತ್ತಿತ್ತು? ಕೈಯಾರೆ ಹಿಡಿದಿದ್ದೆನೆಂದು ತರಗತಿಯಲ್ಲಿ ಹೇಳಿ ಹೇಳಿ ಆ ಭಾರವನ್ನು ನಾನೇ ಹುಟ್ಟಿಸಿಕೊಂಡಿರಬೇಕು.

ಏಕೆಂದರೆ ತೊಂಬತ್ತರ ದಶಕದಲ್ಲಿ ಚಿಕ್ಕೋಡಿ ಕಡೆಯ ಕಾಲೇಜೊಂದರಲ್ಲಿ ನಾನೂ ಮಾಸ್ತರನಾದೆ. ಒಂದು ದಿನ ಬೋರ್ಡಿನ ಮೇಲೆ ಪ್ರಬಂಧದ ಆ ಪಾದದ ಚಿತ್ರ ಬರೆದಾಗ, ರಾಯಬಾಗದ ಕಡೆಯ ವಿದ್ಯಾರ್ಥಿನಿಯೊಬ್ಬಳು ಎದ್ದು ನಿಂತಳು.

"ಸರ, ಗಂಟು ಹಿಮ್ಮಡಿಗೆ ಇರಂಗಿಲ್ರಿ. ಒಳಗಿನ ಬೆರಳ ಬುಡಕ ಇರತೈತ್ರಿ. ಮಳಿ ಬಿದ್ದಾಗ ನಮ್ಮ ಹೊಲದಾಗ ಹಿಡದ ನೋಡೀನ್ರಿ."

ಒಪ್ಪಿಕೊಂಡರೆ ನನ್ನ ಪದವಿಯ ಬುಡವೇ ಅಲ್ಲಾಡುತ್ತಿತ್ತು.

"ಹೊಲದಾಗಿಂದು ಹೊಲದಾಗ ಇರಲಿ. ಪರೀಕ್ಷೆದಾಗ ಇದನ್ನ ಬರಿ," ಎಂದೆ.

ಆಕೆ ನೋಟುಬುಕ್ಕಿನಲ್ಲಿದ್ದ ತನ್ನ ಸರಿಯಾದ ಗಂಟನ್ನು ರಬ್ಬರಿನಿಂದ ಅಳಿಸಿ, ಹಿಮ್ಮಡಿಗೆ ಬರೆದುಕೊಂಡಳು. ನಾನು ಬೆಂಚಿನ ತನಕ ಹೋಗಿ, ತಪ್ಪಿಲ್ಲದೆ ಬರೆದಿದ್ದಾಳೋ ಇಲ್ಲವೋ ಎಂದು ಬಗ್ಗಿ ನೋಡಿದೆ ಕೂಡ.