ಕ್ಯೂ ಮಾಮನ ಕೆಲಸ

ಆ ಆಟದ ಪಾರ್ಕಿನಲ್ಲಿ ಎಲ್ಲರ ಕೆಲಸಕ್ಕೂ ಒಂದು ಹೆಸರಿತ್ತು, ಅವನ ಕೆಲಸಕ್ಕೆ ಮಾತ್ರ ಇರಲಿಲ್ಲ. ಗೇಟಿನವನು ಗೇಟು ಕಾಯುತ್ತಿದ್ದ, ದೋಣಿಯವನು ದೋಣಿ ಬಿಡುತ್ತಿದ್ದ. ಇವನು ಬಾಯಿಗೆ ಬಂದದ್ದು ಮಾತಾಡುತ್ತಿದ್ದ, ಅದಕ್ಕೇ ಸಂಬಳ ಎಣಿಸಿಕೊಳ್ಳುತ್ತಿದ್ದ. ಹೀಗೆಂದರೆ ಹೊಟ್ಟೆಕಿಚ್ಚಿನ ಮಾತಿನಂತೆ ಕೇಳಿಸಬಹುದು. ಆದರೆ ಬಿಸಿಲಲ್ಲಿ ಬೆಂದು ನಿಂತ ಜನರ ಎದುರು ಒಂದು ಗಳಿಗೆ ಬಾಯಿ ಬಿಟ್ಟು ನೋಡಿದವರಿಗೆ ಅದರ ಕಷ್ಟ ಗೊತ್ತಾಗುತ್ತದೆ. ಮಕ್ಕಳು ಅವನನ್ನು ಕ್ಯೂ ಮಾಮ ಎಂದು ಕರೆಯುತ್ತಿದ್ದವು. ದೊಡ್ಡವರೂ ಹಾಗೇ ಕರೆಯುತ್ತಿದ್ದರು.

ಅವನ ಜಾಗ ಜಾರುದೋಣಿಯ ಸಾಲು. ದೋಣಿ ಎತ್ತರಕ್ಕೆ ಏರಿ ಅಲ್ಲಿಂದ ದಡಾರನೆ ನೀರಿಗೆ ಬೀಳುತ್ತದೆ. ಬೀಳುವುದು ಕಣ್ಣು ಮುಚ್ಚಿ ತೆಗೆಯುವಷ್ಟರಲ್ಲಿ ಮುಗಿಯುತ್ತದೆ. ಅದಕ್ಕಾಗಿ ಕಾಯುವುದೇ ದೊಡ್ಡ ಆಟ. ತಗಡಿನ ಚಾವಣಿಯ ಕೆಳಗೆ ಉಕ್ಕಿನ ಕಂಬಿಗಳ ನಡುವೆ ಸಾಲು ಆ ಕೊನೆಗೆ ಹೋಗಿ ತಿರುಗಿ, ಈ ಕೊನೆಗೆ ಬಂದು ತಿರುಗಿ, ಮತ್ತೆ ಆ ಕೊನೆಗೆ ಹೋಗುತ್ತದೆ. ಮೊದಲು ಅವನು ಅಲ್ಲಿ ಹಗ್ಗ ಹಿಡಿದು ಜನರನ್ನು ತಡೆಯುವ ಕೆಲಸದಲ್ಲಿದ್ದ. ಒಂದು ದಿನ ಮೋಟರು ಕೈಕೊಟ್ಟಿತು. ದೋಣಿ ನಡುದಾರಿಯಲ್ಲಿ ನಿಂತಿತು, ಜನ ರೇಗಿದರು, ಒಬ್ಬನಂತೂ ಇವನ ಕಾಲರಿಗೇ ಕೈ ಹಾಕಿದ. ಇವನಿಗೆ ಜೀವ ಬಾಯಿಗೆ ಬಂತು. ಆ ಹೆದರಿಕೆಯಲ್ಲಿ ಅವನ ಕಣ್ಣಿಗೆ ಬಿದ್ದದ್ದು ಒಂದೇ ಸಂಗತಿ: ಕಂಬಿಯ ಆಚೆ ಈಚೆ ನಿಂತ ಇವರು ತಿರುವು ತಿರುವಿಗೂ ಅದೇ ಮುಖಗಳನ್ನು ಮತ್ತೆ ಮತ್ತೆ ನೋಡುತ್ತಾರೆ, ಆದರೂ ಒಬ್ಬರಿಗೊಬ್ಬರು ಮುಖ ಕೊಡುವುದಿಲ್ಲ.

"ಯಾರೂ ಜಗಳ ಆಡಬೇಡಿ! ಈ ಕಡೆಯವರು ಗಂಡಿನ ಕಡೆ, ಆ ಕಡೆಯವರು ಹೆಣ್ಣಿನ ಕಡೆ. ಮದುವೆ ಮಾತುಕತೆ ಮುಗಿಯೋವರೆಗೂ ದೋಣಿ ಹೊರಡಲ್ಲ!" ಎಂದು ಕೂಗಿಬಿಟ್ಟ.

ಕಾಲರು ಹಿಡಿದವನೇ ಮೊದಲು ನಕ್ಕ. ಅಂದಿನಿಂದ ಆ ಸಾಲಿನಲ್ಲಿ ನಿಂತವರೆಲ್ಲ ಬೀಗರು. ತಿರುವಿನಲ್ಲಿ ಎದುರು ಬದುರಾದಾಗಲೆಲ್ಲ ಒಬ್ಬರ ಮೇಲೊಬ್ಬರು ದೂರು ಹೇಳಬೇಕು. "ನಿಮ್ಮ ಹುಡುಗ ಗೊರಕೆ ಹೊಡೀತಾನಂತೆ, ಮೊದಲೇ ಯಾಕೆ ಹೇಳಲಿಲ್ಲ?" ಎಂದು ಈಚೆಯ ಕಂಬಿಯಿಂದ ಒಬ್ಬಳು ಅಜ್ಜಿ ಕೇಳಿದರೆ, "ನಿಮ್ಮ ಹುಡುಗಿ ಮನೆ ಬಿದ್ದರೂ ಏಳಲ್ಲವಂತೆ, ಅವಳಿಗೇನು ತೊಂದ್ರೆ?" ಎಂದು ಆಚೆಯಿಂದ ಯಾರೋ ಅಪರಿಚಿತ ಗಂಡಸು ಉತ್ತರ ಕೊಡುತ್ತಿದ್ದ. ಇವನು ನಡುವೆ ಓಡಾಡುತ್ತ ಎರಡೂ ಕಡೆಗೆ ಚಾಡಿ ಹೇಳುತ್ತಿದ್ದ. ಜನ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಕೊನೆಗೆ ದೋಣಿಯ ಬಾಗಿಲಿಗೆ ಬಂದಾಗ ಇನ್ನೊಂದು ಫಜೀತಿ ಶುರುವಾಗುತ್ತಿತ್ತು.

"ಬೀಗರೇ, ನೀವು ಮೊದಲು ಹತ್ತಿ."

"ಛೆ ಛೆ, ಎಲ್ಲಾದರೂ ಉಂಟಾ? ನೀವು ಹತ್ತಿ."

"ನಿನ್ನ ದೆಸೆಯಿಂದ ದೋಣಿ ಖಾಲಿ ಹೋಗ್ತಿದೆ ಮಹರಾಯಾ," ಎಂದು ದೋಣಿಯವನು ತಲೆ ತಲೆ ಚಚ್ಚಿಕೊಳ್ಳುತ್ತಿದ್ದ. ಸಾಲಿನ ನಗು ಕಂಡ ಆಗಿನ ಮಾಲೀಕರು ಇವನ ಕೈಯಿಂದ ಹಗ್ಗ ಬಿಡಿಸಿ, ಮಾತಾಡುವುದೇ ನಿನ್ನ ಕೆಲಸ ಎಂದುಬಿಟ್ಟರು.

ಹೆಂಡತಿ ತೀರಿಕೊಂಡಾಗ ಮಗಳು ಇನ್ನೂ ಚಿಕ್ಕವಳು. ಶಾಲೆ ಮುಗಿದ ಮೇಲೆ ಅವಳನ್ನು ಬಿಡಲು ಬೇರೆ ಜಾಗವಿಲ್ಲದೆ ಸಾಲಿನ ಹಿಂದಿನ ಬೆಂಚಿನ ಮೇಲೆ ಕೂರಿಸುತ್ತಿದ್ದ. ಅವಳು ಪಾಠ ಬರೆದದ್ದು, ಗುಣಾಕಾರ ಕಲಿತದ್ದು, ಹಲ್ಲು ಬಿದ್ದದ್ದು, ಎಲ್ಲ ಅಲ್ಲೇ. ಎಷ್ಟೋ ಸಲ ಅವಳನ್ನೇ ಕಂಬಿಯ ಮೇಲೆ ನಿಲ್ಲಿಸಿ, ಮದುಮಗಳು ಇವಳೇ, ನೋಡಿಕೊಳ್ಳಿ ಎಂದದ್ದೂ ಉಂಟು. ಅವಳು ಮುಖ ಗಂಟು ಹಾಕಿ, "ನಂಗೆ ಮದುವೆ ಬೇಡ, ದೋಣಿ ಬೇಕು," ಅನ್ನುತ್ತಿದ್ದಳು. ಸಾಲು ಬಿದ್ದು ಬಿದ್ದು ನಗುತ್ತಿತ್ತು.

ಅವಳು ಕಾಲೇಜಿಗೆ ಹೋಗುವ ಹೊತ್ತಿಗೆ ಪಾರ್ಕು ಬೇರೆಯವರ ಕೈಗೆ ಹೋಯಿತು, ಅವರು ನೀಲಿ ಪಟ್ಟಿ ತಂದರು. ಹೆಚ್ಚು ದುಡ್ಡು ಕೊಟ್ಟು ಕೈಗೆ ನೀಲಿ ಪಟ್ಟಿ ಕಟ್ಟಿಸಿಕೊಂಡರೆ ಪಕ್ಕದ ಓಣಿಯಿಂದ ನೇರ ದೋಣಿಗೆ ಹೋಗಬಹುದು. ಇದನ್ನು ಹಿಂದೆ ಸಾಲಿನಲ್ಲಿ ನುಗ್ಗುವುದು ಎನ್ನುತ್ತಿದ್ದರು, ನುಗ್ಗಿದವನಿಗೆ ಛೀಮಾರಿ ಹಾಕುತ್ತಿದ್ದರು. ಈಗ ಅದಕ್ಕೆ ರಸೀತಿ ಕೊಡುತ್ತಾರೆ. ಮೊದಲು ಪಟ್ಟಿಯ ಬೆಲೆ ಒಂದು ಲೋಟ ಚಹಾದಷ್ಟಿತ್ತು. ಆಮೇಲೆ ಒಂದು ಊಟದಷ್ಟಾಯಿತು. ಆಮೇಲೆ ಪಾರ್ಕಿನೊಳಗೆ ಬರುವ ಟಿಕೆಟ್ಟನ್ನೂ ಮೀರಿತು. ಈಗಂತೂ ಅದಕ್ಕೊಂದು ನಿಗದಿಯಾದ ಬೆಲೆಯೇ ಇಲ್ಲ; ಸಾಲು ಉದ್ದವಾದಷ್ಟೂ, ಜನ ಬೇಸತ್ತಷ್ಟೂ, ಕಂಬದ ಮೇಲಿನ ಬೋರ್ಡಿನಲ್ಲಿ ಅಂಕಿ ಏರುತ್ತದೆ. ಪಟ್ಟಿಯವರು ಹೆಚ್ಚಾದಂತೆ ಪಟ್ಟಿಯಿಲ್ಲದವರ ಸಾಲು ನಿಂತಲ್ಲೇ ನಿಲ್ಲುತ್ತದೆ, ನಿಂತದ್ದನ್ನು ಕಂಡು ಇನ್ನಷ್ಟು ಜನ ಪಟ್ಟಿಗೆ ಓಡುತ್ತಾರೆ. ಯಾರ ತಲೆಗೆ ಹೊಳೆಯಿತೋ, ಅವನ ಬುದ್ಧಿಗೆ ಬೆಂಕಿ ಬೀಳಲಿ.

ಓದು ಮುಗಿಸಿದ ಮಗಳಿಗೆ ಅದೇ ಪಾರ್ಕಿನ ಆಫೀಸಿನಲ್ಲಿ ಕೆಲಸ ಸಿಕ್ಕಿತು, ತಾತ್ಕಾಲಿಕವಾಗಿ. ಮಹಡಿಯ ಮೇಲೆ ತಣ್ಣನೆಯ ಕೋಣೆಯಲ್ಲಿ ಕೂತು, ಕ್ಯಾಮೆರಾದಲ್ಲಿ ಸಾಲುಗಳನ್ನು ನೋಡುತ್ತ, ಪಟ್ಟಿಯ ಬೆಲೆ ಏರಿಸುವ ಇಳಿಸುವ ಕೆಲಸ. ಕ್ಯೂ ಮಾಮ ಸಿಕ್ಕ ಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗಿದ. "ನಮ್ಮಮ್ಮಣ್ಣಿ ಮೇಲೆ ಕೂತು ನನ್ನ ನೋಡ್ತಿರ್ತಾಳೆ, ಇನ್ನು ನಾನು ಮೂಗಿಗೆ ಕೈ ಹಾಕೋ ಹಾಗೂ ಇಲ್ಲ," ಎಂದು ಸಾಲಿನಲ್ಲೂ ಸೇರಿಸಿದ.

ಒಂದು ದಿನ ಊಟಕ್ಕೆ ಕೂತಾಗ ಅವಳು ತಟ್ಟೆಯಲ್ಲಿ ಬರೀ ಕೈಯಾಡಿಸುತ್ತಿದ್ದಳು.

"ಅಪ್ಪಾ, ಒಂದು ಮಾತು. ಬೇಜಾರು ಮಾಡ್ಕೋಬಾರದು."

"ಮದುವೆ ವಿಷಯಾನಾ? ಹುಡುಗ ಗೊರಕೆ ಹೊಡೀತಾನಾ?"

ಅವಳು ನಗಲಿಲ್ಲ. "ಜಾರುದೋಣಿ ನನ್ನ ಪಾಲಿಗೆ ಬಂದಿದೆ. ಬೇರೆ ಆಟಗಳಿಗೆಲ್ಲ ಪಟ್ಟಿ ಬೆಲೆ ಏರ್ತಾನೇ ಇದೆ, ಇಲ್ಲಿ ಮಾತ್ರ ಅಲ್ಲಾಡಲ್ಲ. ಸಾಲು ಎಷ್ಟೇ ಉದ್ದ ಇರಲಿ, ಜನ ಕೊಳ್ಳಲ್ಲ. ನೀನೇ ಏನೋ ತಪ್ಪು ಮಾಡ್ತಿದೀಯಾ ಅಂತ ಮ್ಯಾನೇಜರ್ ದಿನಾ ನನ್ನ ಕೇಳ್ತಾರೆ."

"ಮಾಡ್ತಿದೀಯಾ?"

"ಇಲ್ಲ. ನಾನು ನೋಡ್ತೀನಲ್ಲ ಅಪ್ಪ, ಆ ಜನಕ್ಕೆ ಬೇಜಾರೇ ಆಗ್ತಿಲ್ಲ. ಮದುವೆ ಅರ್ಧಕ್ಕೆ ಬಿಟ್ಟು ಯಾರು ಹೋಗ್ತಾರೆ?"

ಅವನಿಗೆ ಖುಷಿಯಾಯಿತು. ಇದು ದೂರು ಎಂದು ತಿಳಿಯಲು ಒಂದು ತುತ್ತು ನುಂಗುವಷ್ಟು ಹೊತ್ತು ಬೇಕಾಯಿತು.

"ಹಾಗಿದ್ರೆ ಹೇಳಿಬಿಡು, ಇದಕ್ಕೆಲ್ಲ ನಮ್ಮಪ್ಪನೇ ಕಾರಣ ಅಂತ."

"ಹೇಳಿದ್ರೆ ನಿನ್ನ ಕೆಲಸ ಹೋಗತ್ತೆ. ಹೇಳದಿದ್ರೆ ನನ್ನದು ಹೋಗತ್ತೆ. ಈ ಸೀಸನ್ ಮುಗಿಯೋದ್ರೊಳಗೆ ಬೆಲೆ ಮೇಲೇರಿದ್ರೆ ಕಾಯಂ, ಇಲ್ಲದಿದ್ರೆ ಬೇರೆ ಕಡೆ ನೋಡ್ಕೋ ಅಂದಿದಾರೆ." ಅವಳು ತಲೆ ಎತ್ತಲಿಲ್ಲ. "ಸ್ವಲ್ಪ ಕಡಿಮೆ ನಗಿಸು ಅಪ್ಪ. ಅಷ್ಟೇ."

"ಅಡುಗೆಯವನಿಗೆ ಹೋಗಿ ಉಪ್ಪು ಹಾಕಬೇಡ ಅಂತೀಯಲ್ಲೇ!" ಎಂದು ಅವನು ಎದ್ದುಬಿಟ್ಟ. ಕೈ ತೊಳೆಯುವಾಗ ನೀರು ಅಗತ್ಯಕ್ಕಿಂತ ಜೋರಾಗಿ ಸುರಿಯಿತು. ಕೋಪ ಬಂದದ್ದು ಅವಳ ಮೇಲಲ್ಲ, ಅದು ಅವಳಿಗೂ ಗೊತ್ತಿತ್ತು.

ನಗಿಸದಿರುವ ಈ ಹೊಸ ಕೆಲಸ ಹಳೆಯದಕ್ಕಿಂತ ಕಷ್ಟವಾಗಿತ್ತು. ಮೊದಲ ಬೆಳಿಗ್ಗೆ ಬರೀ "ಸಾಲಾಗಿ ನಿಲ್ಲಿ, ಮುಂದೆ ಬನ್ನಿ" ಎಂದಷ್ಟೇ ಹೇಳಿದ. ಅವನ ಗಂಭೀರ ಮುಖ ನೋಡಿ ಇದೂ ಒಂದು ತಮಾಷೆ ಎಂದುಕೊಂಡು ಜನ ಇನ್ನೂ ಹೆಚ್ಚು ನಕ್ಕರು. ಮೂಗು ಕೆರೆದರೂ ನಗು. ಅವನು ಹೈರಾಣಾಗಿ ಹೋದ. ಮಾರನೆಯ ದಿನ ಮಾತನ್ನೇ ಬಿಟ್ಟು ಮೂಲೆಯ ಕಂಬದ ಬಳಿ ನಿಂತ. ಬಾಯಿಗೆ ಬಂದ ಮಾತನ್ನೆಲ್ಲ ನುಂಗಿಕೊಂಡ.

ಸಾಲು ಕಣ್ಣೆದುರಿಗೇ ಹಳಸಿಹೋಯಿತು. ಮೊದಲು ಜನ ಗಡಿಯಾರ ನೋಡಿಕೊಂಡರು. ಆಮೇಲೆ ಮುಂದಿನವರ ಬೆನ್ನು ನೋಡಿದರು, ಆಮೇಲೆ ಬೋರ್ಡು ನೋಡಿದರು. ಮಕ್ಕಳು ರಚ್ಚೆ ಹಿಡಿದವು. ಬೋರ್ಡಿನ ಅಂಕಿ ಏರಿತು, ಏರಿದ್ದನ್ನು ಕಂಡು ಇನ್ನೂ ಏರೀತೆಂಬ ಭಯಕ್ಕೆ ಕೆಲವರು ಓಡಿದರು, ಅದು ಮತ್ತೆ ಏರಿತು. ಎದುರು ಬದುರು ಬಂದವರು ಮುಖ ತಿರುಗಿಸಿಕೊಂಡರು. ಒಬ್ಬ ತಂದೆ ದೊಡ್ಡ ಮಗನಿಗೂ ತನಗೂ ಮಾತ್ರ ಪಟ್ಟಿ ಕೊಂಡು ತಂದ. ಹೆಂಡತಿ ಚಿಕ್ಕದನ್ನು ಕಂಕುಳಲ್ಲಿ ಇಟ್ಟುಕೊಂಡು ಸಾಲಿನಲ್ಲೇ ಉಳಿದಳು. ಒಂದೇ ಮನೆಯವರು ಎರಡು ಸಾಲಾದರು. ಗಂಡ ಓಣಿಯಿಂದ ಕೈಬೀಸಿದಾಗ ಅವಳು ಬೇರೆ ಕಡೆ ನೋಡುತ್ತಿದ್ದಳು. ಒಂದು ಮಾತು, ಒಂದೇ ಒಂದು ಮಾತು ಆಡಿದ್ದರೆ ಅವಳು ನಗುತ್ತಿದ್ದಳು. ಕ್ಯೂ ಮಾಮ ತಲೆಯೆತ್ತಿ ಕ್ಯಾಮೆರಾ ನೋಡಿದ, ಮತ್ತೆ ತಲೆ ತಗ್ಗಿಸಿದ.

ಸೀಸನ್ ಮುಗಿಯಿತು, ಮಗಳ ಕೆಲಸ ಕಾಯಂ ಆಯಿತು. ಆ ಸಂಜೆ ಅವಳು ಅವನಿಗೆ ಬಡಿಸಿ ಎದುರಿಗೆ ಕೂತಳು. ಇಬ್ಬರೂ ಸಂತೋಷಪಡಲು ಪ್ರಯತ್ನಪಟ್ಟರು.

"ಇನ್ನೇನಮ್ಮಣ್ಣಿ, ಇನ್ನು ಯಾರೂ ನಿನ್ನ ಅಲ್ಲಾಡಿಸೋ ಹಾಗಿಲ್ಲ," ಎಂದ ಅವನು. "ನಾಳೆಯಿಂದ ನಾನು ಬಾಯಿ ಬಿಡಬಹುದಾ?"

ಅವಳು ಇದೇ ಮಾತಿಗೆ ಹೆದರಿ ಕೂತಿದ್ದಳು. "ಈಗ ಏರಿರೋ ಬೆಲೆನೇ ಲೆಕ್ಕಕ್ಕೆ ಹಿಡಿದುಬಿಟ್ಟಿದಾರೆ ಅಪ್ಪ. ಬರೋ ಸೀಸನ್‌ನಲ್ಲಿ ಇದರ ಮೇಲೆ ಏರಬೇಕಂತೆ. ಕಡಿಮೆ ಆದ್ರೆ ಯಾಕೆ ಅಂತ ನನ್ನೇ ಕೇಳ್ತಾರೆ." ಅಷ್ಟು ಹೇಳಿ ಅವಳು ಅತ್ತಳು. ಅವನು ಎದ್ದು ಬಂದು ಅವಳ ತಲೆಯ ಮೇಲೆ ಕೈಯಿಟ್ಟ.

ಮುಂದಿನ ಸೀಸನ್ ಬಂತು. ಅವನ ಮೈಮೇಲೆ ಅದೇ ಅಂಗಿ, ಅವನ ಜಾಗ ಅದೇ ಕಂಬದ ಬದಿ. ಕೂಗಿ ಕೂಗಿ ಉಬ್ಬಿರುತ್ತಿದ್ದ ಎದೆ ಒಳಗೆ ಹೋಗಿತ್ತು, ಬೆನ್ನು ಬಾಗಿತ್ತು. ಬೋರ್ಡಿನ ಅಂಕಿಯನ್ನು ಓದುವುದನ್ನೂ ಅವನು ಬಿಟ್ಟಿದ್ದ. ಒಂದು ಮಧ್ಯಾಹ್ನ ಸಾಲು ಅಲ್ಲಾಡದೆ ನಿಂತಿತ್ತು. ತಿರುವಿನಲ್ಲಿ ಒಬ್ಬ ತಂದೆಯ ಹೆಗಲ ಮೇಲೆ ಕೂತ ಹುಡುಗಿ ಇವನನ್ನೇ ದಿಟ್ಟಿಸಿ ನೋಡುತ್ತಿದ್ದಳು.

"ಅಪ್ಪಾ, ಆವತ್ತು ಮದುವೆ ಮಾಡಿಸಿದ್ರಲ್ಲ, ಆ ಮಾಮ ಇವ್ರೇನಾ?"

ತಂದೆ ಇವನನ್ನು ಮೇಲಿಂದ ಕೆಳಗೆ ನೋಡಿದ. "ಅಲ್ಲ ಪುಟ್ಟಿ. ಅವರು ಬೇರೆ. ಅವರು ಇನ್ನೂ ಎತ್ತರ ಇದ್ರು."

ಮಗು ಒಪ್ಪಲಿಲ್ಲ. ಬಗ್ಗಿ ಇವನನ್ನೇ ಕೇಳಿತು. "ಮಾಮ, ನೀವು ಅವರಾ?"

ಸುತ್ತ ಇದ್ದ ನಾಲ್ಕಾರು ಜನ ಇತ್ತ ತಿರುಗಿದರು. ಎಲ್ಲರ ಮುಖದಲ್ಲೂ ಏನೋ ಸಿಕ್ಕೀತೆಂಬ ಸಣ್ಣ ಆಸೆ. ಎಷ್ಟು ವರ್ಷ ಆ ಮುಖ ನೋಡಿಯೇ ಅವನು ಬದುಕಿದ್ದ. ಮಾತು ನಾಲಿಗೆಯ ತುದಿಗೆ ಬಂದು ನಿಂತಿತು. ಮೇಲೆ ಕ್ಯಾಮೆರಾ ಇತ್ತು, ಅದರ ಆಚೆ ಮಗಳಿದ್ದಳು.

"ಅಲ್ಲಮ್ಮ. ಅವನು ನಮ್ಮಣ್ಣ," ಎಂದ.

"ಎಲ್ಲಿ ಹೋದ್ರು?"

"ಕೆಲಸ ಬಿಟ್ಟುಬಿಟ್ಟ. ಮಗಳಿಗೆ ಒಳ್ಳೇ ಕೆಲಸ ಸಿಕ್ತು, ಅದಕ್ಕೆ."

"ಪುಣ್ಯವಂತರು ಬಿಡಿ," ಎಂದ ಮಗುವಿನ ತಂದೆ, ನಿಜವಾಗಿ ಮೆಚ್ಚಿಕೊಂಡು.

"ಹೌದು ಸರ್, ಪುಣ್ಯವಂತ," ಎಂದ ಕ್ಯೂ ಮಾಮ. "ಸ್ವಲ್ಪ ಹಿಂದೆ ಸರಿದು ನಿಲ್ಲಿ. ಪಟ್ಟಿಯವರು ಬರ್ತಿದಾರೆ, ದಾರಿ ಬಿಡಿ."