ಬದರೀನಾಥ ಮೇಷ್ಟ್ರ ಕೂಡುಕಥೆ

ನಮ್ಮ ಮನೆಯವರು ಬದರೀನಾಥ ಮೇಷ್ಟ್ರು ತಮಿಳುನಾಡಿನ ಗಡಿಯೂರು ಹೊಸೂರಿನಲ್ಲಿ ಹೈಸ್ಕೂಲು ಮಕ್ಕಳಿಗೆ ಲೆಕ್ಕ ಹೇಳಿಕೊಡುತ್ತಿದ್ದರು. ತಮಿಳಿನಲ್ಲಿ ಪಾಠ, ತೆಲುಗಿನಲ್ಲಿ ತರಕಾರಿ ಚೌಕಾಸಿ, ಕನ್ನಡದಲ್ಲಿ ನನ್ನ ಮೇಲೆ ಸಿಟ್ಟು. ತಲೆಮಾರುಗಳಿಂದ ಈ ಊರಿನಲ್ಲಿರುವ ನಮ್ಮಂಥ ಮನೆಗಳಲ್ಲಿ ಹೀಗೆಯೇ. ಆದರೆ ಅವರ ಜೀವವಿದ್ದದ್ದು ಲೆಕ್ಕದಲ್ಲಲ್ಲ, ನಾಟಕದಲ್ಲಿ. ಅದಕ್ಕೆ ಕಾರಣ ಒಂದು ಈಟಿ.

ಚಿಕ್ಕವರಿದ್ದಾಗ ಊರಿನ ಪೌರಾಣಿಕ ನಾಟಕದಲ್ಲಿ ಇವರಿಗೆ ದ್ವಾರಪಾಲಕನ ಪಾತ್ರ. ಈಟಿ ಹಿಡಿದು ನಿಲ್ಲಬೇಕು, ಮಾತಿಲ್ಲ. ಒಂದು ಸಲ ಗ್ಯಾಸ್‌ಲೈಟಿನ ಶಾಖಕ್ಕೆ ತಲೆ ಸುತ್ತಿ, ಈಟಿ ಸಮೇತ ಧೊಪ್ಪನೆ ಬಿದ್ದರಂತೆ. ರಾಜನ ಪಾತ್ರದವನು ಇವರನ್ನು ದಾಟಿಕೊಂಡು ಹೋಗಿ ಹಾಡು ಮುಗಿಸಿದ. ಜನ ‘ಒನ್ಸ್ ಮೋರ್’ ಎಂದು ಕೂಗಿದರು. ಅವನು ವಾಪಸು ಬಂದು ಇನ್ನೊಂದು ಸಲ ದಾಟಿದ.

"ನಾನು ಬಿದ್ರೂ ನಾಟಕ ನಡೀತು ಕಣೇ!" ಎಂದು ಮದುವೆಯಾದ ಹೊಸದರಲ್ಲಿ ಹೇಳಿಕೊಂಡಾಗ ಅವರ ಕಣ್ಣಲ್ಲಿ ನೀರಿತ್ತು. ನಾನು ಕಿಸಕ್ಕನೆ ನಕ್ಕುಬಿಟ್ಟೆ. ಮಾತು ಬಿಟ್ಟರು. ಸಾರು ಚೆನ್ನಾಗಿದ್ದ ಒಂದು ದಿನ ತಾವೇ ಮತ್ತೆ ಶುರುಮಾಡಿದರು.

ಆ ಬಿದ್ದ ಏಟಿಗೆ ಹುಟ್ಟಿದ್ದು ಅವರ ಸಿದ್ಧಾಂತ. ಅದಕ್ಕೆ ಅವರೇ ಇಟ್ಟ ಹೆಸರು ಕೂಡುಕಥೆ. ಹಾಗೆಂದರೇನು ಎಂದು ಕೇಳಿದವರಿಗೂ ಹೇಳುತ್ತಿದ್ದರು, ಕೇಳದವರಿಗೂ ಹೇಳುತ್ತಿದ್ದರು. "ಕಥೇಲಿ ಬರೀ ಜನ ತುಂಬಿದ್ದರೆ ಅದು ಕೂಡುಕಥೆ ಅಲ್ಲ, ಸಂತೆ. ಒಬ್ಬೊಬ್ಬರ ಹತ್ರಾನೂ ಬೇರೆಯವರ ಹತ್ರ ಇಲ್ಲದ್ದು ಏನಾದರೂ ಇರಬೇಕು. ಅದು ಬಂದು ಸೇರಿದರೇನೇ ಕಥೆ ಮುಂದಕ್ಕೆ ಹೋಗಬೇಕು. ಯಾರೊಬ್ಬ ಬಿದ್ದರೂ ಕಥೆ ಅಲ್ಲೇ ನಿಲ್ಲಬೇಕು. ಕೂಡುಕುಟುಂಬ ಇದ್ದ ಹಾಗೆ."

"ಕೂಡುಕುಟುಂಬದಲ್ಲಿ ಎಲ್ಲರ ಪಾತ್ರೆ ತಿಕ್ಕಿದವಳು ನಾನೊಬ್ಬಳೇ. ನನಗೇ ಹೇಳಿಕೊಡ್ತೀರಾ?"

"ನೋಡು, ನೀನು ಮಲಗಿದರೆ ಮನೆ ನಿಲ್ಲುತ್ತೆ. ಅದನ್ನೇ ನಾನು ಹೇಳ್ತಿರೋದು" ಎಂದರು. ಹೊಗಳಿದರೋ ಕೆಲಸ ಹಚ್ಚಿದರೋ ಇವತ್ತಿಗೂ ತಿಳಿದಿಲ್ಲ.

ಎಪ್ಪತ್ತರ ದಶಕದಲ್ಲಿ ಹೊಸೂರಿಗೆ ಫ್ಯಾಕ್ಟರಿಗಳು ಬಂದವು. ಅವುಗಳ ಹಿಂದೆಯೇ ಕೋಲಾರ, ಮಂಡ್ಯ, ತುಮಕೂರು ಕಡೆಯ ಸಂಸಾರಗಳು ಬಂದು ಪಕ್ಕದ ಮತ್ತಿಗಿರಿಯ ಕಾಲೋನಿಯಲ್ಲಿ ಮನೆ ಹಿಡಿದವು. ಅವರೆಲ್ಲ ಸೇರಿ ಒಂದು ಕನ್ನಡ ಸಂಘ ಕಟ್ಟಿದರು. ಪ್ರತಿ ನವೆಂಬರಿನಲ್ಲಿ ನಾಟಕ, ಬರೆದು ಆಡಿಸುವವರು ನಮ್ಮವರು. ಕೇಳಿಕೊಂಡು ಬಂದವರಿಗೆಲ್ಲ ಪಾತ್ರ. ಯಾರನ್ನೂ ಈಟಿ ಕೊಟ್ಟು ನಿಲ್ಲಿಸಿದವರಲ್ಲ, ಅದನ್ನು ಒಪ್ಪಿಕೊಳ್ಳಲೇಬೇಕು.

ಎಂಬತ್ತನಾಲ್ಕರಲ್ಲಿ ಸಂಘದ ಕಾರ್ಯದರ್ಶಿ ರಾಮಕೃಷ್ಣಪ್ಪನವರು ಕ್ಯಾತೆ ತೆಗೆದರು. ಅವರು ಫ್ಯಾಕ್ಟರಿಯಲ್ಲಿ ಫೋರ್‌ಮನ್. "ಈಗ ನಾಟ್ಕಾನ ಯಾರ್ ನೋಡ್ತಾರೆ ಮೇಷ್ಟ್ರೇ? ಬೆಂಗ್ಳೂರಿಂದ ಆರ್ಕೆಸ್ಟ್ರಾ ಕರ್ಸಿದ್ರೆ ಜನ ಮುಗಿಬೀಳ್ತಾರೆ." ಕಮಿಟಿಯಲ್ಲಿ ಚರ್ಚೆಯಾಗಿ ಕೊನೆಗೆ ತೀರ್ಮಾನ ಇಷ್ಟು: ಈ ವರ್ಷದ ನಾಟಕ ನಡುವೆ ನಿಂತರೆ, ಅಥವಾ ಜನ ಎದ್ದು ಹೋದರೆ, ಮುಂದಿನ ವರ್ಷದಿಂದ ನಾಟಕ ಬಂದ್, ಆರ್ಕೆಸ್ಟ್ರಾ ಖಾಯಂ. ನಮ್ಮವರು ಮರ್ಯಾದೆಗೆ, "ನಿಮಗೊಂದು ಪಾತ್ರ ಬರೀಲಾ?" ಎಂದರು. "ಅಯ್ಯೋ, ನಂಗ್ಯಾಕ್ರಿ ಬಣ್ಣದ ಸಹವಾಸ" ಎಂದರು ರಾಮಕೃಷ್ಣಪ್ಪನವರು. ನಮ್ಮವರಿಗೂ ಪಿತ್ತ ನೆತ್ತಿಗೇರಿತು, ಎದ್ದು ಬಂದರು. ಕಾಲೋನಿಯಲ್ಲಿ ಅವರೊಬ್ಬರಿಗೆ ಪಾತ್ರವಿಲ್ಲದೆ ಹೋಯಿತು.

ಆ ದಿನ ಇವರಿಗೆ ಊಟ ಸೇರಲಿಲ್ಲ. ನನಗೆ ಭಯವಾಯಿತು. ನಾಟಕ ಹೋದರೆ ಈ ಮನುಷ್ಯನಿಗೆ ಇನ್ನೇನು ಉಳಿಯುತ್ತದೆ, ನನ್ನ ಸಾರೊಂದೇ ತಾನೇ.

ಆ ವರ್ಷದ ನಾಟಕದ ಹೆಸರು ‘ನಿಂತ ಬಸ್ಸು’. ಜವಳಗಿರಿ ಕಾಡಿನಲ್ಲಿ ಕತ್ತಲಾದ ಮೇಲೆ ಬಸ್ಸು ಕೆಟ್ಟು ನಿಲ್ಲುತ್ತದೆ, ಎದುರಿಗೆ ಆನೆ. ಒಬ್ಬ ಪ್ರಯಾಣಿಕನ ಹತ್ತಿರ ಹಗ್ಗ, ಒಬ್ಬಳ ಹತ್ತಿರ ಬೆಲ್ಲ, ಹೀಗೆ ಎಲ್ಲರ ಹತ್ತಿರವೂ ಏನೋ ಒಂದು. ಕೊನೆಯ ಅಂಕದಲ್ಲಿ ಜಯರಾಮಯ್ಯನ ಹತ್ತಿರ ಲಾಟೀನು, ರಾಮಯ್ಯನ ಹತ್ತಿರ ಬೆಂಕಿಪೊಟ್ಟಣ. ದೀಪ ಹಚ್ಚಿದರೇನೇ ಡ್ರೈವರು ಇಂಜಿನ್ ರಿಪೇರಿ ಮಾಡಬೇಕು, ಇಂಜಿನ್ ಗುಡುಗಿದರೇನೇ ಆನೆ ಹೋಗಬೇಕು.

ಈಗ ಕೇಳಿ. ಈ ಪಾತ್ರ ಮಾಡುತ್ತಿದ್ದ ರಾಮಯ್ಯ, ಜಯರಾಮಯ್ಯ ಇಬ್ಬರೂ ರಾಮಕೃಷ್ಣಪ್ಪನವರು ಕೆಲಸ ಮಾಡುವ ಫ್ಯಾಕ್ಟರಿಯಲ್ಲೇ ಒಂದೇ ಬಾಯ್ಲರ್ ನೋಡಿಕೊಳ್ಳುವವರು. ಉರಿಯುವ ಬಾಯ್ಲರ್ ಬಿಟ್ಟು ಬರುವ ಹಾಗಿಲ್ಲ. ಮುಂದಿನ ಶಿಫ್ಟಿನವನು, ಅಂದರೆ ರಿಲೀವರ್, ಬಂದು ಎದುರಿಗೆ ನಿಂತ ಮೇಲೇ ಇದ್ದವನು ಹೊರಡಬೇಕು. ಇವನಿಗೆ ಅವನು ರಿಲೀವರ್, ಅವನಿಗೆ ಇವನು. ನಮ್ಮವರಿಗೆ ಇದೆಲ್ಲ ಎಲ್ಲಿ ಗೊತ್ತು? ಅವರು ಕಂಡ ಬಾಯ್ಲರ್ ನಮ್ಮ ಬಚ್ಚಲಮನೆಯ ಹಂಡೆಯೊಂದೇ. ಅವರಿಬ್ಬರಿಗೆ ಗೊತ್ತಿತ್ತು. ಆದರೆ ಬಾಯಿಬಿಟ್ಟರೆ ಎಲ್ಲಿ ತನ್ನ ಪಾತ್ರ ಹೋಗುತ್ತದೋ ಎಂದು ಒಬ್ಬನೂ ಉಸಿರೆತ್ತಲಿಲ್ಲ. ಪ್ರಾಕ್ಟೀಸಿಗೆ ಒಬ್ಬ ಬಂದ ದಿನ ಇನ್ನೊಬ್ಬ ಬರುತ್ತಿರಲಿಲ್ಲ. ಇಬ್ಬರಿಗೂ ಜಗಳವಿರಬೇಕೆಂದು ನಮ್ಮವರು ರಾಜಿ ಮಾಡಿಸಲು ಮನೆಗೆ ಕಾಫಿಗೆ ಕರೆದರು. ಕಾಫಿಗೂ ಒಬ್ಬನೇ ಬಂದ.

ನಾಟಕದ ಸಂಜೆ ಮೈದಾನ ತುಂಬಿತ್ತು. ರಾಮಯ್ಯನ ಹೆಂಡತಿ ಕಮಲಮ್ಮ ಏದುಸಿರು ಬಿಡುತ್ತಾ ಬಣ್ಣದ ಕೋಣೆಗೆ ನುಗ್ಗಿದಳು. ಗಂಡ ಬರಲಿಲ್ಲವೆಂದು ಫ್ಯಾಕ್ಟರಿ ಗೇಟಿಗೇ ಹೋಗಿ ವಿಚಾರಿಸಿಕೊಂಡು ಬಂದಿದ್ದಳು.

"ಜಲಜಕ್ಕಾ, ನಮ್ಮನೇವ್ರು ಬಾಯ್ಲರ್ ಬಿಟ್ ಬರಂಗಿಲ್ವಂತೆ. ಮಧ್ಯಾಹ್ನ ಬರ್ಬೇಕಾಗಿದ್ದ ರಿಲೀವರ್ ಇನ್ನೂ ಬಂದಿಲ್ವಂತೆ!"

"ಯಾರಮ್ಮ ಆ ಪುಣ್ಯಾತ್ಮ?" ಎಂದೆ.

ಕಮಲಮ್ಮ ಕೈ ಚಾಚಿದಳು. ಕನ್ನಡಿಯ ಮುಂದೆ ಜಯರಾಮಯ್ಯ ಮೀಸೆ ಅಂಟಿಸಿಕೊಳ್ಳುತ್ತಾ ಕೂತಿದ್ದ.

"ಇದೊಂದಿನ ರಾಮಯ್ಯನೇ ನನ್ ಶಿಫ್ಟೂ ನೋಡ್ಕೊಬುಡ್ತಾನೆ ಅಂದ್ಕಂಡೆ ಮೇಷ್ಟ್ರೇ" ಎಂದು ತೊದಲಿದ. "ಬೆಂಕಿಪಟ್ಣ ಯಾರ್ ಬೇಕಾದ್ರೂ ತರ್ಬೋದಲ್ವಾ?"

"ಯಾರು ಬೇಕಾದರೂ ತರೋ ಹಾಗಿದ್ದರೆ ನಾನ್ಯಾಕಯ್ಯ ಕೂತು ಬರೀಬೇಕಿತ್ತು!" ಎಂದು ನಮ್ಮವರು ಕಿರುಚಿದ್ದು ಮೈಕಿನಲ್ಲೂ ಕೇಳಿಸಿತು. ಹೊರಗೆ ಜನ ಚಪ್ಪಾಳೆ ತಟ್ಟಿದರು.

ನಾನು ಪಕ್ಕಕ್ಕೆ ಕರೆದೆ. "ರೀ, ಇನ್ನೊಬ್ಬರ ಕೈಗೆ ಬೆಂಕಿಪೊಟ್ಟಣ ಕೊಟ್ಟು ಆಡಿಸಿಬಿಡಿ. ಮೈದಾನದ ತುಂಬ ಬೀಡಿ ಸೇದುವವರೇ."

"ಕೊಟ್ಟರೆ ನಾಟಕ ನಡೆದುಬಿಡುತ್ತೆ ಕಣೇ."

"ನಡೀಲಿ ಅಂತ ತಾನೇ ಹೇಳ್ತಿರೋದು!"

"ರಾಮಯ್ಯ ಇಲ್ಲದೆ ನಡೆದರೆ, ಅವನು ಬಿದ್ದರೂ ನಾಟಕ ನಡೀತು ಅಂತಾಗಲ್ವಾ? ಆಗ ಆ ರಾಜನಿಗೂ ನನಗೂ ಏನು ವ್ಯತ್ಯಾಸ?" ಎಂದರು. ನಡೆದರೂ ಸೋಲು, ನಿಂತರೂ ಸೋಲು. ನನಗೆ ಅಳುವೂ ಬಂತು, ನಾಲ್ಕು ಬಾರಿಸೋಣವೆನ್ನುವಷ್ಟು ಕೋಪವೂ ಬಂತು.

ಆಗ ಜಯರಾಮಯ್ಯ ಅರ್ಧ ಮೀಸೆಯಲ್ಲಿ ಮೆಲ್ಲಗೆ ಹೇಳಿದ, "ಬಾಯ್ಲರ್ ಕೆಲ್ಸ ಗೊತ್ತಿರೋರು ಇಲ್ಲಿ ಇನ್ನೊಬ್ರವ್ರೆ ಮೇಷ್ಟ್ರೇ." ಪರದೆ ಸರಿಸಿ ತೋರಿಸಿದ. ಮುಂದಿನ ಕುರ್ಚಿಯಲ್ಲಿ ಹೊಸ ಸಫಾರಿ ಸೂಟು ಹಾಕಿಕೊಂಡು ರಾಮಕೃಷ್ಣಪ್ಪನವರು ಕೂತಿದ್ದರು.

ನಮ್ಮವರು ಹೋಗಿ ಕೈಮುಗಿದರು. ನಾನೂ ಹಿಂದೆಯೇ ಹೋದೆ. "ನೀವು ಹೋಗಿ ಬಾಯ್ಲರ್ ಹತ್ರ ನಿಂತರೆ ರಾಮಯ್ಯ ಬರಬಹುದು. ನೀವಿಲ್ಲದೆ ನನ್ನ ನಾಟಕ ನಡೆಯಲ್ಲ."

"ಈಗ ನೆಪ್ಪಾಯ್ತಾ?" ಎಂದರು ಅವರು. "ಇಡೀ ಕಾಲೋನೀಲಿ ಪಾತ್ರ ಇಲ್ದೋನು ನಾನೊಬ್ನೇ. ನಿಮ್ಗ್ಯಾಕ್ ಕೊಟ್ಟಿಲ್ಲ ಅಂತ ಮನೇಲಿ ದಿನಾ ಕೇಳ್ತಾಳೆ."

"ನೀವೇ ಬೇಡ ಅಂದ್ರಲ್ಲ!"

"ಒಂದ್ಸಲ ಅಂದೆ. ಇನ್ನೊಂದ್ಸಲ ಕೇಳ್ಬೇಕಾಗಿತ್ತಪ್ಪ ನೀವು!"

ನಾನು ಹಣೆ ಚಚ್ಚಿಕೊಂಡೆ. ನಮ್ಮ ಕಡೆ ಒಂದು ಸಲ ಕೇಳಿದ್ದಕ್ಕೆ ಕಾಫಿಯನ್ನೂ ಯಾರೂ ಒಪ್ಪುವುದಿಲ್ಲ. ಹುಟ್ಟಿದಾಗಿನಿಂದ ಇದೇ ಊರಿನಲ್ಲಿರುವ ನಮ್ಮ ಮನೆಯ ಈ ಮಹಾನುಭಾವರಿಗೆ ಅಷ್ಟೂ ತಿಳಿಯಬೇಡವೇ?

ರಾಮಕೃಷ್ಣಪ್ಪನವರು ಗೊಣಗುತ್ತಲೇ ಎದ್ದರು, ಯಾರದೋ ಸೈಕಲ್ ಹತ್ತಿ ಫ್ಯಾಕ್ಟರಿ ಕಡೆ ತುಳಿದರು. ನಾಟಕ ಅರ್ಧವಾಗುವ ಹೊತ್ತಿಗೆ ರಾಮಯ್ಯ ಮಸಿಮುಖದಲ್ಲೇ ಓಡಿ ಬಂದ. ಅವನಿಗೆ ಬಣ್ಣ ಬೇಕಾಗಲಿಲ್ಲ. ಲಾಟೀನು ಹತ್ತಿತು, ಇಂಜಿನ್ ಗುಡುಗಿತು. ಕಂಬಳಿ ಹೊದ್ದ ಆನೆಯ ಮುಂಭಾಗ ಓಡಿತು, ಹಿಂಭಾಗ ಸ್ವಲ್ಪ ತಡವಾಗಿ ಓಡಿತು. ಒಬ್ಬರೂ ಎದ್ದು ಹೋಗಲಿಲ್ಲ. ಜಯರಾಮಯ್ಯ ಮೀಸೆಯನ್ನೂ ಕೀಳದೆ ಬಾಯ್ಲರಿಗೆ ಓಡಿದ.

ಕುರ್ಚಿ ಮಡಚುತ್ತಿರುವಾಗ ರಾಮಕೃಷ್ಣಪ್ಪನವರು ಬಂದರು. ಹೊಸ ಸಫಾರಿಯ ಮೇಲೆಲ್ಲ ಕಲ್ಲಿದ್ದಲ ಕಪ್ಪು. ಇನ್ನು ಆರ್ಕೆಸ್ಟ್ರಾದ ಮಾತೆತ್ತುತ್ತಾರೆ ಎಂದುಕೊಂಡೆ. ಅವರು ಸೈಕಲ್ ಕೂಡ ನಿಲ್ಲಿಸದೆ ಕೇಳಿದರು:

"ಆನೆ ಹೋಯ್ತಾ?"

"ಎಲ್ಲಿ ಹೋಗುತ್ತೆ, ನೀವು ನೋಡೇ ಇಲ್ಲವಲ್ಲ!" ಎಂದು ನಮ್ಮವರು ಎಲ್ಲರನ್ನೂ ಕೂಗಿದರು. "ಯಾರೂ ಮುಖ ತೊಳೀಬೇಡಿ! ಕೊನೇ ಅಂಕ ಇನ್ನೊಂದು ಸಲ!"

ಎಲ್ಲರೂ ನಿಂತರು. ರಾಮಯ್ಯ ಬೆಂಕಿಪೊಟ್ಟಣ ತೆಗೆದ. ಲಾಟೀನು ಹಿಡಿಯುವವನು ಬಾಯ್ಲರಿನ ಹತ್ತಿರವಿದ್ದ. ನಮ್ಮವರು ಲಾಟೀನನ್ನು ರಾಮಕೃಷ್ಣಪ್ಪನವರ ಮುಂದೆ ಹಿಡಿದು, "ಇದು ನೀವು ಹಿಡೀತೀರಾ?" ಎಂದರು.

"ಅಯ್ಯೋ, ನಂಗ್ಯಾಕ್ರಿ ಬಣ್ಣದ ಸಹವಾಸ."

ನಮ್ಮವರು ಲಾಟೀನನ್ನು ಹಿಂದಕ್ಕೆ ತೆಗೆದುಕೊಳ್ಳುವುದರಲ್ಲಿದ್ದರು. ನಾನು ಹಿಂದಿನಿಂದ ಬಲವಾಗಿ ಚಿವುಟಿದೆ. "ಹಾ!" ಎಂದರು. ಆಮೇಲೆ, "ಹಿಡೀರಿ ರಾಮಕೃಷ್ಣಪ್ಪನವರೇ, ನೀವೇ ಬೇಕು" ಎಂದು ಎರಡನೇ ಸಲ ಕೇಳಿದರು.

ಮಾತು ಮುಗಿಯುವುದರೊಳಗೆ ಲಾಟೀನು ಅವರ ಕೈಯಲ್ಲಿತ್ತು.

"ಮುಂದಿನ್ ವರ್ಷ ನಂಗೆ ಒಂದೆರಡ್ ಮಾತೂ ಇರ್ಲಿ ಮೇಷ್ಟ್ರೇ" ಎಂದು, ರಾಮಯ್ಯ ಕಡ್ಡಿ ಗೀರುವುದನ್ನೇ ನೋಡುತ್ತಾ ನಿಂತರು.